ಸಾಲಕ್ಕಿಂತ ಮುಚ್ಚುಮರೆ ಕೇಡು

ಸಾಲವೇ ಶೂಲವೆಂಬ ಮಾತು ನಮ್ಮಲ್ಲಿ ಹಳೆಯದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಆ ಶೂಲವು ಸಾಲಗಾರನ ಉದ್ಯೋಗವನ್ನೂ ಇರಿಯುವುದುಂಟು. ಅಲ್ಲಿ ಸರ್ಕಾರದ ರಹಸ್ಯ ಕಾಗದಪತ್ರಗಳನ್ನು ನೋಡಬೇಕಾದವನು, ಸೈನಿಕನಾಗಲಿ, ಗುಮಾಸ್ತನಾಗಲಿ, ಖಾಸಗಿ ಕಾರ್ಖಾನೆಯ ಎಂಜಿನಿಯರಾಗಲಿ, ಮೊದಲು ‘ಭದ್ರತಾ ಅನುಮತಿ’ಯನ್ನು ಪಡೆಯಬೇಕು. ಅದು ಕೈತಪ್ಪಿದರೆ ಎಷ್ಟೋ ಮಂದಿಗೆ ಅನ್ನದ ದಾರಿಯೇ ಮುಚ್ಚಿದಂತೆ.

ರಾಜ್ಯದ ಗುಟ್ಟಿಗೂ ಮನೆಯ ಸಾಲಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ರಾಷ್ಟ್ರೀಯ ಭದ್ರತಾ ಸಂಸ್ಥೆಯ ನೌಕರನಾಗಿದ್ದ ರೊನಾಲ್ಡ್ ಪೆಲ್ಟನ್ 1979ರಲ್ಲಿ ದಿವಾಳಿಯಾಗಿ ಕೆಲಸ ಬಿಟ್ಟನು. ಮರುವರ್ಷವೇ ಸೋವಿಯತ್ ರಾಯಭಾರ ಕಚೇರಿಯ ಮೆಟ್ಟಿಲೇರಿ ತಾನು ಬಲ್ಲ ರಹಸ್ಯಗಳನ್ನು ಮಾರಿದನು. 1986ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಸಿ.ಐ.ಎ.ಯ ಆಲ್ಡ್ರಿಚ್ ಏಮ್ಸ್ 1985ರಲ್ಲಿ ದ್ರೋಹಕ್ಕೆ ಕೈಹಾಕಿದ್ದೂ ಸಾಲದ ಸಂಕಟದಲ್ಲಿಯೇ. 1994ರಲ್ಲಿ ಸೆರೆಸಿಕ್ಕುವ ವೇಳೆಗೆ ಅವನು ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕಿದ ಹಣ ಪಡೆದಿದ್ದನು.

ಆದುದರಿಂದಲೇ ಎಸ್.ಎಫ್. 86 ಎಂಬ ಸುದೀರ್ಘ ಪ್ರಶ್ನಾವಳಿಯು ಅರ್ಜಿದಾರನ ಹಣಕಾಸನ್ನು ಕೆದಕಿ ಕೇಳುತ್ತ ಬಂದಿದೆ. ಕಳೆದ 7 ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನಗಳನ್ನು ಮೀರಿ ಬಾಕಿ ಉಳಿದಿತ್ತೆ? ತೆರಿಗೆ ಕಟ್ಟದೆ ಬಿಟ್ಟುದುಂಟೆ? ದಿವಾಳಿ ಅರ್ಜಿ ಹಾಕಿದ್ದುಂಟೆ? ತಿಳಿದೂ ಸುಳ್ಳು ಬರೆದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ.

2017ರ ಜೂನ್ 8ರಿಂದ ಜಾರಿಗೆ ಬಂದ ನಿಯಮಾವಳಿಯಲ್ಲಿ ಅರ್ಹತೆಯನ್ನು ಅಳೆಯುವ 13 ಸೂತ್ರಗಳಿವೆ. ಹಣಕಾಸಿನದು ಒಂದು, ವೈಯಕ್ತಿಕ ನಡತೆಯದು ಇನ್ನೊಂದು. ತೀರದ ಸಾಲ ಮೊದಲನೆಯದಕ್ಕೆ ಸಿಕ್ಕಿಕೊಳ್ಳುತ್ತದೆ; ಬೇಕೆಂದೇ ಬಚ್ಚಿಟ್ಟ ಸಾಲ ಎರಡಕ್ಕೂ.

ಇಲ್ಲಿಯೇ ವಿಷಯದ ಮರ್ಮವಿದೆ. ಸಾಲಗಾರನ ಬಗ್ಗೆ ಈ ನಿಯಮಗಳು ನಿರ್ದಯವಾಗಿಲ್ಲ. ಉದ್ಯೋಗನಷ್ಟ, ಕಾಯಿಲೆ, ವಿವಾಹ ವಿಚ್ಛೇದನ, ಮನೆಯವರ ಮರಣ ಮುಂತಾಗಿ ಕೈಮೀರಿದ ಕಾರಣದಿಂದ ಸಾಲ ಬೆಳೆದಿದ್ದು, ಮನುಷ್ಯನು ಹೊಣೆಯರಿತು ನಡೆದುಕೊಂಡಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಸಾಲಿಗನೊಡನೆ ಒಪ್ಪಂದ ಮಾಡಿಕೊಂಡು ಕಂತು ಕಂತಾಗಿ ತೀರಿಸುತ್ತಿರುವುದೂ ಅವನ ಪರವಾದ ಸಾಕ್ಷ್ಯವೇ. ಬರೆಯದೆ ಬಿಟ್ಟುದನ್ನು, ಅಧಿಕಾರಿಗಳು ಎತ್ತಿ ತೋರಿಸುವ ಮುನ್ನ ತಾನಾಗಿ ಬೇಗನೆ ತಿದ್ದಿಕೊಂಡವನಿಗೂ ರಿಯಾಯಿತಿಯುಂಟು. ಪ್ರಶ್ನಿಸಿದ ಮೇಲೆ ಒಪ್ಪಿಕೊಂಡರೆ ಆ ರಿಯಾಯಿತಿಯನ್ನು ನೆಚ್ಚುವಂತಿಲ್ಲ. ಬಚ್ಚಿಟ್ಟ ಸಾಲ ಗುಟ್ಟಾಗಿ ಉಳಿಯುವುದೂ ಕಷ್ಟವೇ. ಅನುಮತಿ ಪಡೆದವರ ಸಾಲದ ದಾಖಲೆಗಳನ್ನು ಈಗ ಗಣಕಯಂತ್ರಗಳು ಎಡೆಬಿಡದೆ ಪರಿಶೀಲಿಸುತ್ತವೆ.

1960ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆಜ್ಞೆಯು ಖಾಸಗಿ ಉದ್ಯಮಗಳ ನೌಕರರಿಗೆ ಆಕ್ಷೇಪಣೆಗಳನ್ನು ಲಿಖಿತವಾಗಿ ಪಡೆದು ಉತ್ತರಿಸುವ ಅವಕಾಶವನ್ನು ಕೊಟ್ಟಿತು. ಆದರೆ ಇಂಥ ಅನುಮತಿ ಯಾರ ಹಕ್ಕೂ ಅಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ಸ್ಪಷ್ಟಪಡಿಸಿದೆ. ಸಂದೇಹ ಉಳಿದರೆ ಅದರ ಲಾಭ ದೇಶಕ್ಕೇ ಹೊರತು ಅರ್ಜಿದಾರನಿಗಲ್ಲ.

ಸಾಲವನ್ನು ಹೇಳಿಕೊಂಡವನು ನಾಚಿಕೆಪಡಬೇಕಾದೀತು. ಆದರೆ ಬಾಯಿಬಿಟ್ಟವನನ್ನು ಅದೇ ಗುಟ್ಟು ಹಿಡಿದು ಬೆದರಿಸಲು ಯಾರಿಗೂ ಆಗದು. ಮುಚ್ಚಿಟ್ಟವನಾದರೋ ಸಾಲಿಗನಿಗಷ್ಟೇ ಅಲ್ಲ, ತನ್ನ ಗುಟ್ಟನ್ನು ಬಲ್ಲ ಪ್ರತಿಯೊಬ್ಬನಿಗೂ ಅಧೀನನಾಗುತ್ತಾನೆ. ರಾಜ್ಯವು ಅಂಜುವುದು ಈ ಅಧೀನತೆಗೆ.