ಮಿದುಳಿನ ಅಧ್ಯಯನಕ್ಕೆ ಪಿಎಚ್.ಡಿ.: ದಾರಿ ಎಷ್ಟು ದೂರ?

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಮೋಟೆಬೆನ್ನೂರಿನ ಮನೆಮನೆಗೂ ಇದು ಗೊತ್ತು. ಆದರೆ ಖಾರ ತಿಂದಾಗ ನಾಲಿಗೆ ಸುಟ್ಟಂತೆ ಏಕಾಗುತ್ತದೆ? ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವು, ಸುಡುವ ಬಿಸಿಯನ್ನು ಗುರುತಿಸಲೆಂದೇ ಇರುವ ನರತುದಿಯ ಗ್ರಾಹಕವನ್ನು ಕೆರಳಿಸುತ್ತದೆ. ಮಿದುಳು ಅದನ್ನು ಸುಟ್ಟ ನೋವೆಂದೇ ತಿಳಿಯುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿದ ತಂಡದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇಂಥ ಒಂದು ಪ್ರಶ್ನೆಯನ್ನು ಹಿಡಿದು, ಹಿಂದೆ ಯಾರೂ ಕಂಡುಕೊಳ್ಳದ ಉತ್ತರವನ್ನು ಆಧಾರಸಹಿತ ನೀಡಲು ಕಲಿಯುವುದೇ ಪಿಎಚ್.ಡಿ. ತರಬೇತಿ. ಇದಕ್ಕೆ ಎಂ.ಬಿ.ಬಿ.ಎಸ್. ಆಗಿರಲೇಬೇಕೆಂದಿಲ್ಲ. ಜೀವವಿಜ್ಞಾನ, ಮನೋವಿಜ್ಞಾನ, ಭೌತವಿಜ್ಞಾನ, ಎಂಜಿನಿಯರಿಂಗ್ ಓದಿದವರೂ ನರವಿಜ್ಞಾನಕ್ಕೆ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳಲ್ಲಿ ಇದಕ್ಕೆ ಅವಕಾಶವಿದೆ.

ಪ್ರವೇಶಕ್ಕೆ ಏನು ಬೇಕು? ಯು.ಜಿ.ಸಿ.ಯ 2022ರ ನಿಯಮದಂತೆ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಥವಾ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕಗಳಿರಬೇಕು. ಮೀಸಲು ವರ್ಗದವರಿಗೆ ಹಾಗೂ ಅಂಗವಿಕಲರಿಗೆ ಶೇ. 5ರ ರಿಯಾಯಿತಿ ಉಂಟು. ನಂತರ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ. ಸಂಸ್ಥೆಗಳಿಗೆ ತಮ್ಮದೇ ನಿಯಮಗಳೂ ಇರುವುದರಿಂದ ಪ್ರಕಟಣೆಯನ್ನು ಪೂರ್ತಿ ಓದಿರಿ.

ಸೇರಿದ ಮೇಲೆ ಮೊದಲು ಕನಿಷ್ಠ 12 ಕ್ರೆಡಿಟ್‌ಗಳ ಪಾಠಕ್ರಮ. ಸಂಶೋಧನಾ ನೀತಿಯ ಪಾಠವೂ ಇದರಲ್ಲಿ ಸೇರಿದೆ. ರೋಗಿಗಳ ಮೇಲಾಗಲಿ ಪ್ರಾಣಿಗಳ ಮೇಲಾಗಲಿ ಅಧ್ಯಯನ ನಡೆಸುವ ಮುನ್ನ ನೀತಿ ಸಮಿತಿಯ ಒಪ್ಪಿಗೆ ಪಡೆಯಬೇಕು. ಪ್ರತಿ ಸೆಮಿಸ್ಟರ್‌ನಲ್ಲೂ ಸಲಹಾ ಸಮಿತಿಯ ಮುಂದೆ ಕೆಲಸದ ವರದಿ ಒಪ್ಪಿಸಬೇಕು. ಕೊನೆಯಲ್ಲಿ ಮಹಾಪ್ರಬಂಧವನ್ನು ಮಾರ್ಗದರ್ಶಕರ ಜೊತೆಗೆ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಪರಿಶೀಲಿಸುತ್ತಾರೆ. ಬಳಿಕ ಮೌಖಿಕ ಪರೀಕ್ಷೆ.

“ಇನ್ನ ಎಷ್ಟ್ ವರ್ಷ ಓದೂದು? ದುಡಿಯೂದು ಯಾವಾಗ?” ಮನೆಯ ಹಿರಿಯರು ಹೀಗೆ ಕೇಳುವುದು ಸಹಜ. ಅವರ ಮುಂದೆ ಲೆಕ್ಕವನ್ನು ಸ್ಪಷ್ಟವಾಗಿ ಇಡಿರಿ. ನಿಯಮದಲ್ಲಿ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ನೆಟ್ ಪರೀಕ್ಷೆಯ ಮೂಲಕ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ಅನ್ವಯವಾದ ಪರಿಷ್ಕೃತ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂ., ನಂತರ 42,000 ರೂ. ದೊರೆಯುತ್ತದೆ. ಆದರೆ ಈ ಸಹಾಯ ಒಟ್ಟು ಐದು ವರ್ಷಕ್ಕೆ ಮಾತ್ರ. ಆರನೆಯ ವರ್ಷಕ್ಕೆ ಕಾಲಿಟ್ಟರೆ ಖರ್ಚಿನ ದಾರಿ ನೀವೇ ನೋಡಿಕೊಳ್ಳಬೇಕಾಗಬಹುದು.

ಹೆಣ್ಣುಮಕ್ಕಳ ಪಾಲಕರು ಇನ್ನೊಂದು ಮಾತನ್ನು ಗಮನಿಸಬೇಕು. ಮದುವೆಯಾಯಿತೆಂದು ಸಂಶೋಧನೆ ಬಿಡಿಸಬೇಕಾಗಿಲ್ಲ. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷಗಳ ಸಡಿಲಿಕೆಯನ್ನೂ, ಹೆರಿಗೆ ಹಾಗೂ ಶಿಶುಪಾಲನೆಗೆ 240 ದಿನಗಳವರೆಗೆ ರಜೆಯನ್ನೂ ನಿಯಮವೇ ಒದಗಿಸಿದೆ.

ಆದ್ದರಿಂದ ಸಂಸ್ಥೆಯ ಹೆಸರನ್ನಷ್ಟೇ ನೋಡಿ ಸೇರಬೇಡಿ. ಮಾರ್ಗದರ್ಶಕರಾಗುವವರನ್ನು ಮುಂಚಿತವಾಗಿ ಕಂಡು, ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಮುಗಿಸಿದರು, ಐದು ವರ್ಷದ ನಂತರ ನೆರವು ಉಂಟೇ, ನಿಮ್ಮ ಪ್ರಶ್ನೆಗೆ ಬೇಕಾದ ಉಪಕರಣ ಅಲ್ಲಿದೆಯೇ ಎಂದು ಕೇಳಿರಿ. ಹಾಗೆ ಕೇಳಲು ಸಂಕೋಚ ಬೇಡ.