ಕಣ್ದೆರೆಯುವ ಮುನ್ನ

ಅಟ್ಟದ ಮೂಲೆಯಲ್ಲಿ ಬೆಕ್ಕು ಮರಿಯಿಟ್ಟುದನ್ನು ಕಂಡವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು: ಹುಟ್ಟಿದ ಮರಿಗಳ ಕಣ್ಣು ಮುಚ್ಚಿಯೇ ಇರುತ್ತದೆ. ಸುಮಾರು 7ರಿಂದ 10 ದಿನಗಳ ತರುವಾಯ ರೆಪ್ಪೆಗಳು ಬಿಡಿಸಿಕೊಳ್ಳುತ್ತವೆ. ಇಲಿಮರಿಗಾದರೋ ಸುಮಾರು ಎರಡು ವಾರ ಬೇಕು. ಅಷ್ಟು ಕಾಲವೂ ಆ ಕಣ್ಣು ಸುಮ್ಮನೆ ನಿದ್ರಿಸುತ್ತಿರುವುದೇ? ಇಲ್ಲವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುವಾದ ಪೊರೆಯುಂಟು. ಬೆಳಕನ್ನು ಗ್ರಹಿಸುವ ಕೋಶಗಳೂ, ವಾರ್ತೆಯನ್ನು ಮಿದುಳಿಗೆ ಮುಟ್ಟಿಸುವ ನರಕೋಶಗಳೂ ಅದರಲ್ಲಿ ಪದರಪದರವಾಗಿವೆ. ಕೋಶಕ್ಕೂ ಕೋಶಕ್ಕೂ ನಡುವೆ ಅತಿಸೂಕ್ಷ್ಮವಾದ ಸಂದಿರುವುದು. ಒಂದು ಕೋಶವು ಅಲ್ಲಿ ರಾಸಾಯನಿಕ ದ್ರವ್ಯವೊಂದನ್ನು ಸೂಸುತ್ತದೆ. ಇನ್ನೊಂದರ ಮೈಮೇಲಿರುವ ‘ಗ್ರಾಹಕ’ಗಳು ಅದನ್ನು ಹಿಡಿಯುತ್ತವೆ. ದ್ರವ್ಯವು ಬೀಗದ ಕೈಯಾದರೆ ಗ್ರಾಹಕವೇ ಬೀಗ. ಬೀಗವಿಲ್ಲದೆಡೆ ಕೈಯಿದ್ದೂ ಫಲವೇನು?

ಈ ಗ್ರಾಹಕಗಳು ಹುಟ್ಟಿದ ಕೂಡಲೆ ಪರಿಪೂರ್ಣವಾಗಿರುವುದಿಲ್ಲ. ಇಲಿಮರಿಯಲ್ಲಿ ಗ್ಲೂಟಮೇಟನ್ನು ಹಿಡಿಯುವ ಒಂದು ಬಗೆಯ ಗ್ರಾಹಕವು ಮೊದಲು ಕೋಶದ ಮೈಮೇಲೆಲ್ಲ ಚದರಿರುತ್ತದೆ. ದಿನ ಕಳೆದಂತೆ ಬೆಳಕಿನ ವಾರ್ತೆ ಬಂದು ಮುಟ್ಟುವ ಕುಡಿಗಳಲ್ಲಿಯೇ ಬಂದು ನೆಲೆಸುತ್ತದೆ. ಮನುಷ್ಯರಲ್ಲಿ ಇದೇ ಗ್ರಾಹಕವು ಕೆಟ್ಟರೆ ಹುಟ್ಟುಗುಣವಾದ ಇರುಳುಗುರುಡು ಬರುವುದುಂಟು. ‘ಗಾಬಾ’ ಎಂಬ ಇನ್ನೊಂದು ದ್ರವ್ಯದ ಚರ್ಯೆಯು ಮತ್ತಷ್ಟು ವಿಚಿತ್ರ. ಬೆಳೆದ ಪ್ರಾಣಿಯಲ್ಲಿ ನರಕೋಶವನ್ನು ಶಾಂತಗೊಳಿಸುವ ಇದು ಎಳೆಯ ಮರಿಯಲ್ಲಿ ಅದನ್ನೇ ಕೆರಳಿಸುತ್ತದೆ. ಎಳೆಯ ಕೋಶದೊಳಗೆ ಕ್ಲೋರೈಡ್ ಲವಣಾಂಶವು ಹೆಚ್ಚಾಗಿರುವುದೇ ಇದಕ್ಕೆ ಕಾರಣ.

ಬೆಳಕು ಒಳಹೊಗುವ ಮೊದಲೇ ಅಕ್ಷಿಪಟಲದಲ್ಲಿ ವಿದ್ಯುತ್ತಿನ ಅಲೆಗಳು ತಾವಾಗಿಯೇ ಏಳುತ್ತವೆ. ಅಮೆರಿಕದ ಮೈಸ್ಟರ್, ವಾಂಗ್, ಬೇಲರ್, ಶಾಟ್ಜ್ ಎಂಬವರು 1991ರಲ್ಲಿ ಇದನ್ನು ತೋರಿಸಿಕೊಟ್ಟರು. ಇಲಿಮರಿಯಲ್ಲಿ ಹುಟ್ಟಿದ ಮೊದಲ ದಿನಗಳ ಅಲೆಗಳಿಗೆ ಅಸಿಟೈಲ್‌ಕೋಲೀನ್ ಮತ್ತು ಅದರ ಗ್ರಾಹಕಗಳು ಆಧಾರ. ಸುಮಾರು 10ನೆಯ ದಿನದಿಂದ ಆ ಹೊಣೆಯು ಗ್ಲೂಟಮೇಟಿನದು. ಕಣ್ಣು ತೆರೆದ ಮೇಲೆ ಅಲೆಗಳೇ ಅಡಗುತ್ತವೆ. ಇವು ನಿರರ್ಥಕವಲ್ಲ. ಮೊದಲ ಗ್ರಾಹಕವು ಕೆಟ್ಟ ಮರಿಗಳಲ್ಲಿ ಕಣ್ಣಿನಿಂದ ಹೊರಟ ನರತಂತುಗಳು ಮಿದುಳಿನಲ್ಲಿ ಸರಿಯಾದ ಸ್ಥಾನಗಳಿಗೆ ಅಚ್ಚುಕಟ್ಟಾಗಿ ಹೊಂದಿಕೊಳ್ಳಲಾರವು. ರಂಗವೇರುವ ಮುನ್ನ ತೆರೆಯ ಹಿಂದೆ ನಡೆಯುವ ಅಭ್ಯಾಸದಂತಿದೆ ಈ ಸಿದ್ಧತೆ.

ಕಣ್ದೆರೆದ ಮೇಲೆ ಬೆಳಕೇ ಗುರುವು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ಬಳಿಕ ತೆರೆದರು. ಕಣ್ಣು ನೆಟ್ಟಗಿದ್ದಿತು, ಆದರೆ ಮಿದುಳು ಅದರ ವಾರ್ತೆಯನ್ನು ಕೇಳಲು ಕಲಿತಿರಲಿಲ್ಲ. 1963ರಲ್ಲಿ ಪ್ರಕಟವಾದ ಇಂತಹ ಶೋಧನೆಗಳೂ ಸೇರಿ, ದೃಷ್ಟಿವಿಷಯದ ಸಾಧನೆಗಾಗಿ ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಗೃಹಸ್ಥರು ಮನಗಾಣಬೇಕಾದುದು ಇದೇ. ಕೆಲವು ಶಿಶುಗಳು ಕಣ್ಣಿನ ಪೊರೆಯೊಡನೆ ಹುಟ್ಟುವುದುಂಟು. ದಟ್ಟವಾದ ಪೊರೆಯನ್ನು ಮೊದಲ ಕೆಲವು ವಾರಗಳಲ್ಲಿಯೇ ತೆಗೆಸಿದರೆ ದೃಷ್ಟಿಯು ಬೆಳೆಯಬಲ್ಲುದು. ವರ್ಷಗಳ ಮೇಲೆ ತೆಗೆಸಿದರೆ ಕಣ್ಣು ತಿಳಿಯಾದರೂ ನೋಟವು ಮಂದವಾಗಿಯೇ ಉಳಿಯಬಹುದು. ಆದುದರಿಂದ ಕೂಸಿನ ಕಣ್ಣಿನ ಪಾಪೆಯಲ್ಲಿ ಬಿಳುಪು ಕಂಡರೆ “ದೊಡ್ಡದಾಗಲಿ, ನೋಡೋಣ” ಎನ್ನದೆ, ಅಂದೇ ನೇತ್ರವೈದ್ಯರಲ್ಲಿಗೆ ಒಯ್ಯತಕ್ಕದ್ದು. ‘ನೇತ್ರ’ವೆಂದರೆ ಮುಂದಕ್ಕೆ ಕರೆದೊಯ್ಯುವುದೆಂದು ಅರ್ಥ. ದಾರಿ ತೋರಬೇಕಾದ ಈ ಇಂದ್ರಿಯಕ್ಕೆ ಎಳವೆಯಲ್ಲಿ ನಾವೇ ದಾರಿ ಮಾಡಿಕೊಡಬೇಕು.