ನಮ್ಮ ಪುಸ್ತಕ ನಾವೇ ಮಾರಿದರೆ ತಪ್ಪೇನ್ರೀ?

"ಅಲ್ಲಾ ಮೇಡಂ, ಇಷ್ಟೊಂದು ಕಾದಂಬರಿ ಬರೆದಿದ್ದೀರಿ, ಆದ್ರೂ ನೀವೇ ಬ್ಯಾಗಲ್ಲಿ ಪುಸ್ತಕ ಇಟ್ಕೊಂಡು ಬರ್ತೀರಲ್ಲ, ಮುಜುಗರ ಆಗಲ್ವಾ?" ಮಹಿಳಾ ಸಮಾಜದ ಕಾರ್ಯಕ್ರಮಗಳಿಗೆ ಹೋದಾಗ ಒಬ್ಬರಲ್ಲ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. ತಮಾಷೆ ಅಂದರೆ, ಕೇಳುವವರಲ್ಲಿ ಅನೇಕರು ತಾವೂ ಗುಟ್ಟಾಗಿ ಬರೆಯುವವರೇ. ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಕುಕ್ಕರಿನ ಸೀಟಿ ಎಣಿಸುತ್ತಾ ಕಥೆ ಬರೆದು, ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿರುತ್ತಾರೆ. ಕೆಲವರು ಧೈರ್ಯ ಮಾಡಿ, ಕೂಡಿಟ್ಟ ದುಡ್ಡಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿಯೂ ಇರುತ್ತಾರೆ. ಬಿಡುಗಡೆಯ ದಿನ ರೇಷ್ಮೆ ಸೀರೆ, ಹಾರ, ಫೋಟೋ, ಕೇಸರಿಬಾತು ಎಲ್ಲ ಆಗುತ್ತದೆ. ಮಾರನೇ ದಿನದಿಂದ ಬಂಡಲು ಮಂಚದ ಕೆಳಗೆ. ಮತ್ತೆ ಅದು ಹೊರಗೆ ಬರುವುದು ಹಬ್ಬಕ್ಕೆ ಮನೆ ಗುಡಿಸುವಾಗ!

ಹಪ್ಪಳ, ಸಂಡಿಗೆ ಮಾಡಿ "ನಮ್ಮನೇದು, ತುಂಬಾ ಚೆನ್ನಾಗಿದೆ, ತಗೊಳ್ಳಿ" ಅನ್ನಲು ನಮಗೆ ಸಂಕೋಚವಿಲ್ಲ. "ನನ್ನ ಕಾದಂಬರಿ ಚೆನ್ನಾಗಿದೆ, ಓದಿ" ಅನ್ನಲು ಮಾತ್ರ ನಾಲಿಗೆ ಏಳುವುದಿಲ್ಲ. ಯಾಕೆ? ಬರೆದವಳು ತೆಪ್ಪಗೆ ಕೂತಿರಬೇಕು, ಓದುಗರು ತಾವಾಗಿ ಹುಡುಕಿಕೊಂಡು ಬರಬೇಕು ಅನ್ನುವ ಭ್ರಮೆ. ನಮ್ಮ ಹಿರಿಯರು ಹಾಗೆ ಕೂತವರಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ತಿರುಗಿ ಮಾರಿದವರು. ಅವರಾದರೂ ಗಂಡಸರು ಅಂತೀರಾ? ಹಾಗಾದರೆ ನಂಜನಗೂಡು ತಿರುಮಲಾಂಬ ಅವರನ್ನು ನೋಡಿ. 1887ರಲ್ಲಿ ಹುಟ್ಟಿದವರು, ಬಾಲವಿಧವೆ. ಆಗಿನ ಕಾಲದಲ್ಲಿ ಅಂಥ ಹೆಣ್ಣುಮಗಳು ನಡುಮನೆಗೆ ಬರುವುದೇ ಕಷ್ಟವಿತ್ತು. ಆಕೆ ಕಾದಂಬರಿ ಬರೆದರು, 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆ ಶುರುಮಾಡಿ ತಮ್ಮ ಪುಸ್ತಕ ತಾವೇ ಪ್ರಕಟಿಸಿದರು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ನೂರು ವರ್ಷದ ಹಿಂದೆ ಅವರಿಗಿದ್ದ ಧೈರ್ಯ, ಕೈಯಲ್ಲಿ ಮೊಬೈಲ್ ಹಿಡಿದಿರುವ ನಮಗೆ ಇಲ್ಲವೆಂದರೆ ಹೇಗೆ?

"ನನಗೆ ವಯಸ್ಸಾಯ್ತು" ಅನ್ನುವವರಿಗೆ ಎಂ.ಕೆ. ಇಂದಿರಾ ಇದ್ದಾರೆ. 1917ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. ಲೆಕ್ಕ ಹಾಕಿಕೊಳ್ಳಿ.

ಇನ್ನು ಸಿನಿಮಾ. ಕಾದಂಬರಿ ಬರೆಯುವ ಎಲ್ಲರಿಗೂ ಒಳಗೊಳಗೇ ಒಂದು ಆಸೆ ಇರುತ್ತದೆ, ನನಗೂ ಇದೆ. ತ್ರಿವೇಣಿಯವರ 'ಬೆಳ್ಳಿಮೋಡ' 1967ರಲ್ಲಿ, 'ಶರಪಂಜರ' 1971ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ಕೈಯಲ್ಲಿ ಸಿನಿಮಾ ಆದವು. ಎರಡನ್ನೂ ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲೇ, ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟಿದ್ದರು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹುಚ್ಚು ವಾಸಿಯಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರೇ ನಂಬದ ಕಥೆ 'ಶರಪಂಜರ'. ಸಿನಿಮಾದಲ್ಲಿ ಕಲ್ಪನಾ ಅವರ ಅಭಿನಯ ನಮ್ಮ ಮನಸ್ಸನ್ನು ಪೂರ್ತಿ ತುಂಬಿಬಿಡುತ್ತದೆ. ಆದ್ದರಿಂದ ನನ್ನ ಸಲಹೆ: ಮೊದಲು ಪುಸ್ತಕ ಓದಿ, ಆಮೇಲೆ ಸಿನಿಮಾ ನೋಡಿ. ನಿಮ್ಮ ಕಾವೇರಿಗೆ ನೀವೇ ಒಂದು ಮುಖ ಕೊಟ್ಟಿರುತ್ತೀರಿ, ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಸಿನಿಮಾದವರು ಕಥೆ ಕೆಡಿಸಿದರು ಅಂತ ಗೊಣಗುವುದು ನಮ್ಮ ಬರಹಗಾರರ ಹಳೇ ಚಾಳಿ. ಎಲ್ಲ ಸಲವೂ ಅದು ನಿಜವಲ್ಲ. ವೈದೇಹಿಯವರ ಗುಲಾಬಿ ಟಾಕೀಸು ಕಥೆಯಲ್ಲಿರುವುದು ಊರಿಗೆ ಬಂದ ಟಾಕೀಸು. ಗಿರೀಶ ಕಾಸರವಳ್ಳಿ 2008ರಲ್ಲಿ ಮಾಡಿದ ಚಿತ್ರದಲ್ಲಿ ಬರುವುದು ಡಿಶ್ ಆಂಟೆನಾದ ಟಿವಿ, ಅದೂ ಕಾರ್ಗಿಲ್ ಯುದ್ಧದ ದಿನಗಳಲ್ಲಿ, ಮೀನುಗಾರರ ಕೇರಿಯಲ್ಲಿ. ಕಥೆ ಬೇರೆ, ಚಿತ್ರ ಬೇರೆ, ಎರಡೂ ಚೆನ್ನಾಗಿವೆ. ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಅದು. ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ ಅವರ ಮನೆ ಅಡುಗೆಗೆ ನಾವು ಉಪ್ಪು ಹಾಕೋಕೆ ಹೋಗಬಾರದು, ಅಷ್ಟೇ.

ಆದರೆ ಕಳಿಸುವಾಗ ಕಾಗದಪತ್ರ ಸರಿಯಾಗಿರಲಿ! ಹಿಂದೊಮ್ಮೆ ಧಾರಾವಾಹಿ ಮಾಡುತ್ತೇವೆಂದು ಇಬ್ಬರು ಮನೆಗೆ ಬಂದರು. ಕಾಫಿ ಕುಡಿದರು, "ಅಮ್ಮಾ, ನಿಮ್ಮ ಕಥೆ ಓದಿ ಅತ್ತುಬಿಟ್ಟೆವು" ಅಂದರು. ಆಮೇಲೆ ಒಂದೇ ಹಾಳೆ ಮುಂದಿಟ್ಟರು. ಅದರಲ್ಲಿದ್ದದ್ದು 'ಸಕಲ ಹಕ್ಕುಗಳೂ ಶಾಶ್ವತವಾಗಿ' ಅಂತ. ದುಡ್ಡಿನ ಜಾಗ ಖಾಲಿ. "ನಾಳೆ ತುಂಬಿಸೋಣ" ಅಂದರು. "ಹಾಗಾದ್ರೆ ಸಹಿಯೂ ನಾಳೆ" ಅಂದೆ. ಆ ನಾಳೆ ಇವತ್ತಿನವರೆಗೂ ಬಂದಿಲ್ಲ! ತಿಳಿದಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿಯೇ ಆಗಬೇಕು, ನಿಮ್ಮ ಸಹಿ ಇರಬೇಕು. ಯಾವ ಹಕ್ಕು, ಎಷ್ಟು ವರ್ಷ, ಎಲ್ಲೆಲ್ಲಿ, ಎಷ್ಟು ಹಣ ಎಂಬುದು ಅದರಲ್ಲಿರಬೇಕು. ಅವಧಿ ಬರೆದಿಲ್ಲದಿದ್ದರೆ 5 ವರ್ಷ ಎಂದೇ ಲೆಕ್ಕ. ಸಿನಿಮಾ, ಧಾರಾವಾಹಿ, ನಾಟಕ, ಅನುವಾದ ಪ್ರತಿಯೊಂದೂ ಬೇರೆ ಬೇರೆ ಹಕ್ಕು, ಒಟ್ಟಿಗೆ ಗಂಟು ಕಟ್ಟಿ ಕೊಡಬೇಡಿ. ಬರೆದವರು ಕಾಲವಾದ ಮೇಲೂ 60 ವರ್ಷ ಹಕ್ಕು ಮನೆಯವರಿಗಿರುತ್ತದೆ. ಅಂದರೆ ಅದು ಒಡವೆಯ ಹಾಗೆ, ಮಕ್ಕಳಿಗೂ ಸೇರಿದ ಆಸ್ತಿ.

ನಾಟಕದ ಮಾತೇ ಬೇರೆ. ಅಲ್ಲಿ ದುಡ್ಡು ಕಮ್ಮಿ, ಕಲಿಯುವುದು ಜಾಸ್ತಿ. ರಂಗದ ಮೇಲೆ ಸೂರ್ಯೋದಯದ ವರ್ಣನೆ ನಡೆಯಲ್ಲ, ಪಾತ್ರಗಳು ಬಾಯಿಬಿಟ್ಟು ಮಾತಾಡಬೇಕು. ಅಂದಿನಿಂದ ನಾನು ಸಂಭಾಷಣೆ ಬರೆದ ಕೂಡಲೇ ಗಟ್ಟಿಯಾಗಿ ಓದುತ್ತೇನೆ. ಕೆಲಸದ ನಿಂಗಮ್ಮ "ಯಾರ ಜೊತೆ ಜಗಳ ಅಮ್ಮಾ?" ಅಂತ ಇಣುಕಿದರೆ ಸಂಭಾಷಣೆ ಸರಿಯಾಗಿದೆ ಅಂತ ಅರ್ಥ. ವೈದೇಹಿಯವರದೇ 'ಅಕ್ಕು' ಕಥೆ ನೋಡಿ, ಚಂಪಾ ಶೆಟ್ಟಿ ಅದನ್ನು ಮೊದಲು ರಂಗಕ್ಕೆ ತಂದರು, ನಂತರ ಅವರೇ 2018ರಲ್ಲಿ 'ಅಮ್ಮಚ್ಚಿಯೆಂಬ ನೆನಪು' ಸಿನಿಮಾದಲ್ಲೂ ತಂದರು. ನಿಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ನಿಮ್ಮ ಕಥೆಯನ್ನೇ ಹದಿನೈದು ನಿಮಿಷದ ನಾಟಕ ಮಾಡಿ ಆಡಿಸಿ. ಪಕ್ಕದಲ್ಲಿ ಒಂದು ಮೇಜು ಹಾಕಿ ಪುಸ್ತಕ ಇಡಿ. ಸಾವಿರ ಕರಪತ್ರ ಹಂಚಿದರೂ ಆಗದ ಕೆಲಸ ಇದರಿಂದ ಆಗುತ್ತದೆ.

ಪ್ರಚಾರ ಎಂದರೆ ಬೆಳಗಿನಿಂದ ವಾಟ್ಸ್ಆ್ಯಪ್ ಗುಂಪಿನಲ್ಲಿ ನಮ್ಮದೇ ಮುಖಪುಟ ಹಾಕುವುದಲ್ಲ. ನನಗಂತೂ ಅದು ಕಿರಿಕಿರಿ. ಅದರ ಬದಲು ವಾರಕ್ಕೊಂದು ಪುಟ ನೀವೇ ಓದಿ ಧ್ವನಿಮುದ್ರಿಸಿ ಕಳಿಸಿ. ಪುಸ್ತಕಕ್ಕೆ ಐಎಸ್‌ಬಿಎನ್ ಸಂಖ್ಯೆ ಪಡೆಯಿರಿ, ನಮ್ಮ ದೇಶದಲ್ಲಿ ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ, ಅದಕ್ಕೆ ದುಡ್ಡು ಕೇಳುವವರನ್ನು ನಂಬಬೇಡಿ. ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಿ. ಕರ್ನಾಟಕ ಲೇಖಕಿಯರ ಸಂಘದ ಕಾರ್ಯಕ್ರಮಗಳಿಗೆ ಹೋಗಿಬನ್ನಿ. ಇನ್ನೊಬ್ಬಳ ಪುಸ್ತಕ ಕೊಂಡು ಓದಿ, ಆಮೇಲೆ ನಿಮ್ಮದನ್ನು ಕೊಡಿ. ಬೇರೆ ಭಾಷೆಯವರು ಅನುವಾದ ಮಾಡುತ್ತೇವೆಂದರೆ "ನಮ್ಮ ಕಥೆ ಯಾರಿಗೆ ಬೇಕು" ಅನ್ನಬೇಡಿ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದದ್ದಕ್ಕೇ 2025ರ ಇಂಟರ್‌ನ್ಯಾಷನಲ್ ಬೂಕರ್ ಬಂತು, ಹಣವೂ ಇಬ್ಬರಿಗೆ ಸಮಪಾಲು.

ಇನ್ನು ನೆಂಟರಿಗೆ ಪುಕ್ಕಟೆ ಕೊಡುವ ವಿಚಾರ. ಕೊಡಬೇಡಿ. ಬೇಕಾದರೆ ಹತ್ತಿಪ್ಪತ್ತು ರೂಪಾಯಿ ರಿಯಾಯಿತಿ ಕೊಡಿ. ನನ್ನ ಓರಗಿತ್ತಿಗೂ ದುಡ್ಡು ತಗೊಂಡೇ ಕೊಟ್ಟೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಫೋನು ಮಾಡಿ, "ಅಕ್ಕಾ, ಆ ಅತ್ತೆ ಪಾತ್ರ ನಮ್ಮತ್ತೆ ಅಲ್ವಾ?" ಅಂತ ಕೇಳಿದಳು. ಪುಕ್ಕಟೆ ಕೊಟ್ಟಿದ್ದರೆ ಓದುತ್ತಲೇ ಇರಲಿಲ್ಲ ಬಿಡಿ.